ಬೇರಿನ ಪುಡಿಗೆ ಸಲ್ಲತಕ್ಕ ಮರ್ಯಾದೆ

ಪುರಂದರ ತಾಲೂಕಿನ ಅಂಜೂರ ಬೆಳೆಗಾರನಿಗೆ, ಕಡ್ಡಿಗೆ ಬೇರು ಬರಿಸುವ ಔಷಧವಾದ ಬೇರಿನ ಪುಡಿಯ ಹಂಗಿಲ್ಲ. ನಾಲ್ಕೈದು ಗೆಣ್ಣುಗಳುಳ್ಳ ಬಲಿತ ಕಡ್ಡಿಯನ್ನು ಊರಿ, ನೆಲ ಆರದಂತೆ ನೋಡಿಕೊಂಡರೆ ಸಾಕು. 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಹಣ್ಣಿನ ತಾಯಿಗುಣವೆಲ್ಲ ಹೊಸ ಗಿಡದಲ್ಲಿ ಅವಿಕಲವಾಗಿ ಇಳಿದು ಬರುವುದು. ಆದರೆ ಪುಣೆಯ ಕಾಂಪೌಂಡುಗಳ ಮೇಲೆ ಬೇಸಗೆಯುದ್ದಕ್ಕೂ ಶೋಭಿಸುವ ಬೋಗನ್‌ವಿಲ್ಲಾದ ಸಂಗತಿ ಬೇರೆ. ಅದರ ಕೆಲವು ತಳಿಗಳು, ವಿಶೇಷತಃ ಚಿತ್ರವರ್ಣದ ಎಲೆಯವು, ಕಡ್ಡಿಯಲ್ಲಿ ಸಂಚಿತವಾದ ಆಹಾರದಿಂದಲೇ ಚಿಗುರಿ, ನೆಟ್ಟವನಲ್ಲಿ ಆಶೆಯನ್ನು ಹುಟ್ಟಿಸಿ, ಬೇರಿಲ್ಲದೆ ಒಣಗಿಹೋಗುವುವು. ಔಷಧದ ಸಾರ್ಥಕ್ಯವಿರುವುದು ಇಂಥಲ್ಲಿ.

ಚಿಗುರಿನಲ್ಲಿಯೂ ಎಳೆಯ ಎಲೆಗಳಲ್ಲಿಯೂ ಹುಟ್ಟುವ ಆಕ್ಸಿನ್ ಎಂಬ ದ್ರವ್ಯವು ಬುಡದತ್ತ ಹರಿದು, ಕಡಿದ ಸ್ಥಳದಲ್ಲಿ ಶೇಖರವಾಗಿ, ಅಲ್ಲಿಯ ಜೀವಕೋಶಗಳನ್ನು ಬೇರಾಗುವಂತೆ ಪ್ರೇರಿಸುತ್ತದೆ. ಗಿಡದ ಸ್ವಂತ ಆಕ್ಸಿನ್ ಆದ ಇಂಡೋಲ್ ಅಸಿಟಿಕ್ ಆಮ್ಲವು ಬೇಗನೆ ಕ್ಷಯಿಸುವುದರಿಂದ, 1935ರಲ್ಲಿ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬ ವಿದ್ವಾಂಸರು ಪರೀಕ್ಷಿಸಿ ತೋರಿಸಿದ ಇಂಡೋಲ್ ಬ್ಯುಟಿರಿಕ್ ಆಮ್ಲವೇ, ಹೆಚ್ಚು ತಾಳಿಕೆಯುಳ್ಳದ್ದಾಗಿ, ಇಂದಿಗೂ ನರ್ಸರಿಗಳ ನಚ್ಚಿನ ಮದ್ದಾಗಿದೆ. ನನಗೆ ಅದರ ಪುಡಿಗಿಂತ ದ್ರಾವಣವೇ ಪ್ರಿಯ. ಏಕೆಂದರೆ ಪುಡಿ ಎಷ್ಟು ಅಂಟಿತೆಂಬುದು ಕಡ್ಡಿಯ ತೇವವನ್ನು ಅವಲಂಬಿಸಿರುತ್ತದೆ. ನೀರಿನಲ್ಲಿ ಸುಲಭವಾಗಿ ಕರಗದ ಈ ಆಮ್ಲವನ್ನು ಮೊದಲು ಮದ್ಯಸಾರದಲ್ಲಿ ಕರಗಿಸಿ, ಅನಂತರ ಅಷ್ಟೇ ನೀರು ಬೆರೆಸಿ, ಲೀಟರಿಗೆ 2 ಗ್ರಾಮಿನಂತೆ ಸಿದ್ಧಪಡಿಸಿದ ದ್ರಾವಣದಲ್ಲಿ, ಪೆನ್ಸಿಲ್ ಗಾತ್ರದ ಬೋಗನ್‌ವಿಲ್ಲಾ ಕಡ್ಡಿಯ ಬುಡವನ್ನು, ಗೆಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಓರೆಯಾಗಿ ಕೊಯ್ದು, ಐದು ಸೆಕೆಂಡು ಮಾತ್ರ ಅದ್ದಿ ತೆಗೆಯಬೇಕು. ಅಧಿಕವಾದರೆ ಬುಡ ಕಪ್ಪಾಗಿ ಕೊಳೆಯುವುದು. ಹೆಚ್ಚು ಮದ್ದು ಹೆಚ್ಚು ಬೇರೆಂಬ ಗಣಿತ ಇಲ್ಲಿ ನಡೆಯದು. ಪುಡಿಯನ್ನೇ ಬಳಸುವವರು ಬೇಕಾದಷ್ಟನ್ನು ಕಾಗದದ ಮೇಲೆ ಸುರಿದುಕೊಳ್ಳಲಿ. ಡಬ್ಬಿಯೊಳಗೇ ಕಡ್ಡಿಯನ್ನು ಅದ್ದಿದರೆ ತೇವವೂ ರೋಗವೂ ಉಳಿದ ಪುಡಿಗೆ ತಗಲುವುವು.

ಆದರೂ ಮದ್ದು ಬೇರನ್ನು ಪ್ರೇರಿಸೀತೇ ಹೊರತು ಬಾಡುವಿಕೆಯನ್ನು ತಡೆಯಲಾರದು. ಏಪ್ರಿಲಿನ ಒಣಗಾಳಿಯಲ್ಲಿ ಎಷ್ಟು ಶಾಸ್ತ್ರೋಕ್ತವಾಗಿ ನೆಟ್ಟರೂ ವ್ಯರ್ಥಶ್ರಮ; ಸಹ್ಯಾದ್ರಿಯ ಕಡೆಯಿಂದ ಜಡಿಮಳೆ ಬಂದು ದಿನಗಟ್ಟಲೆ ಬಿಸಿಲು ಕಾಣದ ಜುಲೈ ತಿಂಗಳೇ ಪುಣೆಯಲ್ಲಿ ಕಡ್ಡಿ ನೆಡುವುದಕ್ಕೆ ಪ್ರಶಸ್ತಕಾಲ. ಆಗಲೂ ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ನೀರು ನಿಲ್ಲದಂತೆ ಕುಂಡದ ತಳವನ್ನು ಸರಿಪಡಿಸಿಕೊಳ್ಳಬೇಕು. ಚಿಗುರಿತೆಂದು ಕಿತ್ತು ನೋಡುವ ಆತುರ ಬೇಡ. ಎಳೆಬೇರು ಎಳೆದ ಮಾತ್ರಕ್ಕೆ ಮುರಿಯುತ್ತದೆ. ಕುಂಡದ ತಳದ ರಂಧ್ರದಲ್ಲಿ ಬಿಳಿಯ ತುದಿ ಕಾಣಿಸಿಕೊಂಡ ಬಳಿಕವೇ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿರಿ.