ಪ್ರತಿಭೆಯೂ ಬಲ್ಮೆಯೂ

ಹಾರ್ಮೋನಿಯಮ್ಮಿನ ಮುಂದೆ ಮೂರು ತಿಂಗಳು ಕುಳಿತ ಹುಡುಗಿಗೆ ಸ್ವರವು ನೆಲೆಗೊಳ್ಳದಿದ್ದರೆ, ಮನೆಯ ಹಿರಿಯರು ‘ಅವಳಿಗೆ ಆ ಪ್ರತಿಭೆ ಇಲ್ಲ’ ಎಂದು ತೀರ್ಪು ಕೊಟ್ಟು ಪಾಠವನ್ನು ನಿಲ್ಲಿಸಿಬಿಡುವುದುಂಟು. ಪಕ್ಕದ ಮನೆಯ ಹುಡುಗನು ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನು ಪಡೆದರೆ ಅವನಿಗೆ ‘ಪ್ರತಿಭಾ ಪುರಸ್ಕಾರ’ವು ದೊರೆಯುತ್ತದೆ. ವಿದ್ಯಾವಂತರು ಪರದೇಶಕ್ಕೆ ಹೋದರೆ ಪತ್ರಿಕೆಗಳು ಅದನ್ನು ‘ಪ್ರತಿಭಾ ಪಲಾಯನ’ವೆಂದು ಕರೆಯುತ್ತವೆ. ಒಂದೇ ಶಬ್ದವು ಒಬ್ಬರಿಗೆ ಬಾಗಿಲನ್ನು ಮುಚ್ಚುತ್ತದೆ, ಮತ್ತೊಬ್ಬರಿಗೆ ಹಾರವನ್ನು ಹಾಕುತ್ತದೆ. ಇಷ್ಟು ಅಧಿಕಾರವನ್ನು ಪಡೆದ ಶಬ್ದವು ಎಲ್ಲಿಂದ ಬಂದಿತು, ಅದರ ನಿಜವಾದ ವ್ಯಾಪ್ತಿ ಎಷ್ಟು ಎಂಬ ವಿಚಾರವು ಕೇವಲ ವೈಯಾಕರಣರ ಕುತೂಹಲಕ್ಕೆ ಸೇರಿದುದಲ್ಲ.

‘ಭಾ’ ಎಂಬ ಧಾತುವಿಗೆ ಹೊಳೆಯುವುದು ಎಂದರ್ಥ. ಎದುರಿಗೆ ಹೊಳೆದು ತೋರುವುದು ಪ್ರತಿಭೆ. ಶಬ್ದದ ಮೂಲಾರ್ಥದಲ್ಲಿ ಅದು ಒಬ್ಬನ ಪೆಟ್ಟಿಗೆಯಲ್ಲಿ ಇಟ್ಟಿರುವ ಒಡವೆಯಲ್ಲ. ಒಂದು ಕ್ಷಣದಲ್ಲಿ ನಡೆಯುವ ವ್ಯಾಪಾರ. ಹೊಸಹೊಸದಾಗಿ ಅರಳುತ್ತಿರುವ ಪ್ರಜ್ಞೆಯೇ ಪ್ರತಿಭೆಯೆಂದು ಭಟ್ಟತೌತನು ಹೇಳಿದುದರ ತಾತ್ಪರ್ಯವೂ ಇದೇ. ಆಲಂಕಾರಿಕರು ಇದನ್ನು ಮುಖ್ಯವಾಗಿ ಕಾವ್ಯದ ವಿಷಯದಲ್ಲಿಯೇ ಬಳಸಿದರು. ಎಲ್ಲ ಬಗೆಯ ಸಾಮರ್ಥ್ಯಕ್ಕೂ ಇದನ್ನು ಹೊದಿಸಲಿಲ್ಲ. ಉಳಿದುವುಗಳಿಗೆ ಅವರಲ್ಲಿ ಶಕ್ತಿ, ನಿಪುಣತೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಬೇರೆ ಬೇರೆ ಹೆಸರುಗಳಿದ್ದುವು. ಇಂದಿನ ಕನ್ನಡದಲ್ಲಿ ಆ ಹೆಸರುಗಳು ಹಿಂದೆ ಸರಿದಿವೆ. ಪ್ರತಿಭೆಯೊಂದೇ ಎಲ್ಲದರ ಕೆಲಸವನ್ನೂ ಮಾಡುತ್ತಿದೆ. ಅಂಕಗಳನ್ನು ತಂದುಕೊಟ್ಟದ್ದು ಹೆಚ್ಚಾಗಿ ಅಭ್ಯಾಸ. ಪುರಸ್ಕಾರವು ಮಾತ್ರ ಪ್ರತಿಭೆಯ ಹೆಸರಿನಲ್ಲಿ ಸಲ್ಲುತ್ತಿದೆ.

ಕಾವ್ಯಕ್ಕೆ ಕಾರಣವಾವುದು ಎಂಬ ವಿಷಯದಲ್ಲಿ ಹಿಂದಿನವರಲ್ಲಿ ಒಮ್ಮತವಿರಲಿಲ್ಲ. 11ನೆಯ ಶತಮಾನದ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿ ಒಂದೇ ಕಾರಣವಾಗುತ್ತವೆಯೇ ಹೊರತು ಮೂರು ಬೇರೆ ಕಾರಣಗಳಲ್ಲವೆಂದು ವಾದಿಸಿದನು. 17ನೆಯ ಶತಮಾನದ ಜಗನ್ನಾಥಪಂಡಿತನು ಪ್ರತಿಭೆಯೊಂದೇ ಕಾರಣವೆಂದು ಹಟದಿಂದ ಹೇಳಿದನು. ಆದರೆ ಆ ಪ್ರತಿಭೆಯು ಹುಟ್ಟುವುದೆಂತು ಎಂಬ ಪ್ರಶ್ನೆ ಬಂದಾಗ, ಕೆಲವರಲ್ಲಿ ಅದೃಷ್ಟದಿಂದ, ಕೆಲವರಲ್ಲಿ ಅಸಾಧಾರಣವಾದ ವ್ಯುತ್ಪತ್ತಿ ಮತ್ತು ಅಭ್ಯಾಸಗಳಿಂದ ಎಂದು ಒಪ್ಪಿಕೊಂಡನು. ಪ್ರತಿಭಾವಾದಿಗಳಲ್ಲಿ ಕಟ್ಟಾಳಾದವನೂ ಅಭ್ಯಾಸಿಗೆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲವೆಂಬುದು ಗಮನಾರ್ಹವಾಗಿದೆ.

ಇವರಿಗಿಂತ ಬಹು ಹಿಂದಿನವನಾದ ದಂಡಿಯ ಅಭಿಪ್ರಾಯವು ಇನ್ನೂ ಉದಾರವಾದುದು. ಸಹಜವಾದ ಪ್ರತಿಭೆ, ನಿರ್ಮಲವಾದ ವಿದ್ಯೆ, ಬಿಡದ ಉದ್ಯೋಗ ಈ ಮೂರನ್ನೂ ಕಾವ್ಯಸಂಪತ್ತಿಗೆ ಕಾರಣವೆಂದು ಹೇಳಿದ ಮೇಲೆ, ಪೂರ್ವವಾಸನೆಯಿಂದ ಬರುವ ಅದ್ಭುತಪ್ರತಿಭೆ ಇಲ್ಲದವನೂ ವಿದ್ಯೆಯಿಂದಲೂ ಯತ್ನದಿಂದಲೂ ವಾಗ್ದೇವಿಯನ್ನು ಸೇವಿಸಿದರೆ ಆಕೆಯು ಒಂದಿಷ್ಟಾದರೂ ಅನುಗ್ರಹಿಸಿಯೇ ತೀರುವಳು ಎಂದು ಅವನು ಸೇರಿಸುತ್ತಾನೆ. ಇದು ಮಂದರನ್ನು ಸಂತೈಸುವ ಮಾತಲ್ಲ. ಶಾಸ್ತ್ರಕಾರನು ವಿಚಾರಮಾಡಿ ಇಟ್ಟ ನಿಲುವು.

ಇದಕ್ಕೆ ಎದುರು ಪಕ್ಷವೂ ಉಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ವ್ಯುತ್ಪತ್ತಿಯ ಕೊರತೆಯನ್ನು ಕವಿಯ ಶಕ್ತಿಯು ಮುಚ್ಚಬಲ್ಲುದು, ಶಕ್ತಿಯ ಕೊರತೆಯಾದರೋ ಕೂಡಲೆ ಕಣ್ಣಿಗೆ ಬೀಳುತ್ತದೆ ಎಂಬ ವಿಚಾರವು ಆನಂದವರ್ಧನನ ಧ್ವನ್ಯಾಲೋಕದಲ್ಲಿದೆ. ಛಂದಸ್ಸೂ ವ್ಯಾಕರಣವೂ ನಿರ್ದುಷ್ಟವಾಗಿದ್ದು ಜೀವವಿಲ್ಲದ ಪದ್ಯಗಳನ್ನು ಓದಿ ಬೇಸತ್ತವರು ಈ ಮಾತಿಗೆ ತಲೆದೂಗದಿರಲಾರರು. ಆದರೆ ಅದು ಮುಗಿದ ಕೃತಿಯನ್ನು ಮುಂದಿಟ್ಟುಕೊಂಡು ವಿಮರ್ಶಕನು ಹೇಳಬಹುದಾದ ಮಾತೇ ಹೊರತು, ಇನ್ನೂ ಕಲಿಯುತ್ತಿರುವ ಮಗುವಿನ ಮುಂದೆ ತಂದೆತಾಯಿಗಳು ಹೇಳತಕ್ಕ ಮಾತಲ್ಲ. ಈ ಎರಡು ಸಂದರ್ಭಗಳನ್ನು ಒಂದೆಂದು ಭಾವಿಸಿದುದೇ ಇಂದಿನ ಬಳಕೆಯ ದೋಷ.

ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿ 9ನೆಯ ಶತಮಾನದಲ್ಲಿ ಹುಟ್ಟಿತು. ಕನ್ನಡನಾಡಿನ ಜನರು ಪ್ರಯತ್ನಪಟ್ಟು ಓದದಿದ್ದರೂ ಕಾವ್ಯವನ್ನು ಪ್ರಯೋಗಿಸಬಲ್ಲ ಬುದ್ಧಿಯುಳ್ಳವರೆಂದು ಅದು ಹೊಗಳುತ್ತದೆ. ಸಭೆಗಳಲ್ಲಿ ಈ ಹೊಗಳಿಕೆಯನ್ನು ಓದುವವರು ಅದನ್ನು ಹುಟ್ಟಿನಿಂದ ಬಂದ ಪ್ರತಿಭೆಯ ಪ್ರಶಸ್ತಿಪತ್ರವೆಂದು ಎಣಿಸುವರು. ಆದರೆ ಅಲ್ಲಿ ಆ ಬುದ್ಧಿಗೆ ಕೊಟ್ಟಿರುವ ವಿಶೇಷಣವು ‘ಪರಿಣತ’ ಎಂಬುದು; ಮಾಗಿದುದು, ಹದಕ್ಕೆ ಬಂದುದು ಎಂದು ಅದರ ಅರ್ಥ. ಶಾಲೆಯ ಓದಿಲ್ಲದಿದ್ದರೂ ಕೇಳಿ, ಆಡಿ, ಹಾಡಿ ಮಾಗಿದ ಬುದ್ಧಿಯದು. ಹುಟ್ಟುಗುಣವೊಂದೇ ಸಾಕಾಗಿದ್ದರೆ ಆ ಗ್ರಂಥವು ದೋಷಗಳನ್ನೂ ಅಲಂಕಾರಗಳನ್ನೂ ಕಲಿಸಲು ಮೂರು ಪರಿಚ್ಛೇದಗಳನ್ನು ವ್ಯಯಮಾಡುತ್ತಿರಲಿಲ್ಲ.

ಕನ್ನಡದ ಸ್ವಂತ ಶಬ್ದಗಳು ಕೂಡ ಇದೇ ಸಾಕ್ಷ್ಯವನ್ನು ನುಡಿಯುತ್ತವೆ. ‘ಬಲ್’ ಎಂದರೆ ತಿಳಿ. ‘ಬಲ್ಲಳು’ ಎಂದರೆ ತಿಳಿದಿದ್ದಾಳೆ. ‘ಹಾಡಬಲ್ಲಳು’ ಎಂದರೆ ಹಾಡುವ ಸಾಮರ್ಥ್ಯವುಳ್ಳವಳು. ತಿಳಿವಿಗೂ ಸಾಮರ್ಥ್ಯಕ್ಕೂ ಕನ್ನಡವು ಒಂದೇ ಕ್ರಿಯಾಪದವನ್ನು ಸಾಕೆಂದಿತು. ಅದರಿಂದಲೇ ಹಳಗನ್ನಡದ ‘ಬಲ್ಮೆ’. ತಾಳ್ಮೆಯನ್ನು ತಾಳಿಯೇ ಪಡೆಯಬೇಕಾದಂತೆ ಬಲ್ಮೆಯನ್ನು ಬಲ್ಲವನಾಗಿಯೇ ಪಡೆಯಬೇಕು. ‘ಪಳಗಿದ ಕೈ’ ಎಂಬಲ್ಲಿ ನೊಗಕ್ಕೆ ಪಳಗಿದ ಎತ್ತಿನ ನೆನಪಿದೆ. ‘ನುರಿತವನು’ ಎಂಬಲ್ಲಿ ಅರೆದು ನುಣ್ಣಗಾದುದರ ಸೂಚನೆಯಿದೆ. ಅಡುಗೆಯವಳಿಗೆ ‘ಹದ’ ತಿಳಿದಿರಬೇಕು, ವಿದ್ಯೆಯು ‘ಮೈಗೂಡ’ಬೇಕು. ಇವೆಲ್ಲವೂ ಕಾಲವನ್ನು ಬೇಡುವ ಶಬ್ದಗಳು. ಹುಟ್ಟಿನೊಡನೆ ಬರುವುದನ್ನು ಹೇಳುವ ‘ಕೈಗುಣ’ದಂಥ ಮಾತುಗಳು ಇಲ್ಲದಿಲ್ಲ. ಆದರೆ ಸುಟ್ಟರೂ ಹೋಗದ ಹುಟ್ಟುಗುಣದ ಗಾದೆಯನ್ನು ಜನರು ಸಾಮಾನ್ಯವಾಗಿ ದುರ್ಗುಣಕ್ಕೇ ಅನ್ವಯಿಸುವರೆಂಬುದನ್ನು ನೆನೆಯಬೇಕು.

ಪೇಟೆಗಳಲ್ಲಿ ಈಗ ಕೇಳಿಬರುವ ‘ಟ್ಯಾಲೆಂಟ್’ ಎಂಬ ಮಾತಿನ ಕಥೆಯೂ ಬೋಧಪ್ರದವಾಗಿದೆ. ಮೂಲದಲ್ಲಿ ಅದು ಗ್ರೀಕರ ತೂಕ ಮತ್ತು ಹಣದ ಹೆಸರು. ಕನ್ನಡ ಬೈಬಲ್ಲಿನಲ್ಲಿ ‘ತಲಾಂತು’ ಎಂದಾಗಿದೆ. ಮತ್ತಾಯನ ಸುವಾರ್ತೆಯ ಸಾಮ್ಯದಿಂದ ಅದಕ್ಕೆ ಸಾಮರ್ಥ್ಯವೆಂಬ ಅರ್ಥವು ಬಂದಿತು. ಆ ಸಾಮ್ಯದಲ್ಲಿ ಐದನ್ನೂ ಎರಡನ್ನೂ ಪಡೆದವರು ದುಡಿದು ಇಮ್ಮಡಿ ಮಾಡಿದರು. ಇಬ್ಬರಿಗೂ ಒಂದೇ ಮೆಚ್ಚಿಕೆ ದೊರೆಯಿತು. ನಿಂದೆಯು ಬಂದುದು ತನ್ನದನ್ನು ನೆಲದಲ್ಲಿ ಹೂತಿಟ್ಟವನಿಗೆ.

ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ಅಜಿತಸೇನಾಚಾರ್ಯರಲ್ಲಿ ವಿದ್ಯೆಯನ್ನು ಕಲಿತು, ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಅವನಿಗೆ ಪ್ರತಿಭೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುರುವೂ ಪೋಷಕಳೂ ದೊರೆಯದೆ ಹೋಗಿದ್ದರೆ ಆ ಪ್ರತಿಭೆಯು ಬಳೆಯ ಮಲಾರದಲ್ಲಿಯೇ ಉಳಿದಿರುತ್ತಿತ್ತು. ‘ಅವನಿಗೆ ಅದೆಲ್ಲ ಏತಕ್ಕೆ’ ಎಂದು ಹೇಳುವುದಕ್ಕೆ ಜನರೂ ಸಿಕ್ಕುತ್ತಿದ್ದರು. ಪ್ರತಿಭೆಯನ್ನು ಹುಟ್ಟಿನ ಸ್ವತ್ತೆಂದು ಮೊದಲೇ ಎಣಿಸುವ ಸಮಾಜವು ಅದನ್ನು ಯಾವ ಹುಟ್ಟಿನಲ್ಲಿ ಹುಡುಕುವುದೆಂಬುದು ಎಲ್ಲರಿಗೂ ತಿಳಿದ ವಿಷಯ.

ಪ್ರತಿಭೆ ಎಂಬ ಶಬ್ದವನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಮಹಾಕೃತಿಗಳ ಮುಂದೆ ನಿಂತಾಗ ಅದಕ್ಕಿಂತ ಸರಿಯಾದ ಮಾತು ದೊರೆಯದು. ಅಲ್ಲಿಗೆ ಅದು ಮೀಸಲಾಗಿರಲಿ. ಅಂಕಗಳಿಗೆ ಶ್ರಮವೆಂದೂ, ಕಸುಬಿಗೆ ನೈಪುಣ್ಯವೆಂದೂ, ಬಹುಶ್ರುತತ್ವಕ್ಕೆ ವ್ಯುತ್ಪತ್ತಿಯೆಂದೂ ಹೆಸರಿಟ್ಟರೆ ಯಾರ ಗೌರವವೂ ಕುಂದದು. ಹಾರ್ಮೋನಿಯಮ್ಮಿನ ಮುಂದೆ ಕುಳಿತ ಹುಡುಗಿಯ ಮನೆಯವರಿಗಾದರೋ ಆಲಂಕಾರಿಕರ ನೆರವೂ ಬೇಕಾಗಿಲ್ಲ. ಹಾಡುತ್ತ ಹಾಡುತ್ತ ರಾಗವೆಂಬ ಗಾದೆಯು ಅವರ ಮನೆಯಲ್ಲಿಯೇ ಇದೆ. ಇನ್ನು ಮೂರು ತಿಂಗಳು ಪಾಠವನ್ನು ನಡೆಯಗೊಟ್ಟರೆ ಸಾಕು.