ಮ್ಯಾರಥಾನ್ ದರ್ಶನ: ನ್ಯೂಯಾರ್ಕ್ ಓಟದ ರಸಿಕರಿಗೊಂದು ಕೈಪಿಡಿ

ಮ್ಯಾರಥಾನ್ ಓಟವನ್ನು ಮೊದಲ ಬಾರಿಗೆ ನೋಡಹೊರಟವನು ಗುರಿಗೆರೆಯ ಬಳಿಯೇ ಸ್ಥಳ ಹಿಡಿದು ನಿಲ್ಲುವುದು ಸಹಜವಾದರೂ, ಸಂಗೀತ ಕಚೇರಿಗೆ ಮಂಗಳ ಹಾಡುವ ಹೊತ್ತಿಗೆ ಬಂದು ಕುಳಿತವನಿಗೆ ಎಷ್ಟು ರಸ ದಕ್ಕೀತೋ ಅಷ್ಟೇ ಅವನಿಗೂ ದಕ್ಕುವುದು. ಓಟದ ಸಾರವಿರುವುದು ಅದಕ್ಕೆ ಹಿಂದಿನ 42.195 ಕಿಲೋಮೀಟರುಗಳ ಬೀದಿಯಲ್ಲಿ. ಈ ಮಾತಿಗೆ ನವೆಂಬರ್ ತಿಂಗಳ ಮೊದಲ ಭಾನುವಾರ ನಡೆಯುವ ನ್ಯೂಯಾರ್ಕ್ ಮ್ಯಾರಥಾನಿನಷ್ಟು ಸಮರ್ಪಕವಾದ ನಿದರ್ಶನ ಬೇರೊಂದಿಲ್ಲ. ಏಕೆಂದರೆ ಬೀದಿಗೆ ಇಳಿದ ಮೇಲೆಯೇ ಅದು ಮಹೋತ್ಸವವಾದದ್ದು.

1970ರ ಸೆಪ್ಟೆಂಬರ್ 13ರಂದು ನಡೆದ ಅದರ ಮೊದಲ ಓಟದಲ್ಲಿ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನದೊಳಗೇ ಸುತ್ತು ಹಾಕುತ್ತ ಓಡಹೊರಟವರು 127 ಮಂದಿ, ಗುರಿ ಮುಟ್ಟಿದವರು 55. ಪ್ರವೇಶ ಶುಲ್ಕ ಒಂದು ಡಾಲರು. ಗೆದ್ದವನು ಅಗ್ನಿಶಾಮಕ ದಳದ ನೌಕರ ಗ್ಯಾರಿ ಮರ್ಕಿ. ರುಮೇನಿಯಾದಲ್ಲಿ ಹುಟ್ಟಿ ನ್ಯೂಯಾರ್ಕಿನ ಉಡುಪಿನ ವ್ಯಾಪಾರದಲ್ಲಿ ನೆಲೆಗೊಂಡಿದ್ದ ಫ್ರೆಡ್ ಲೆಬೋ, ವಿನ್ಸೆಂಟ್ ಚಿಯಪೆಟಾ ಎಂಬವರೊಡನೆ ಸೇರಿ ನಡೆಯಿಸಿದ ಈ ಚಿಕ್ಕ ಓಟವು, 1976ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಸಂದರ್ಭದಲ್ಲಿ, ಬರೋ ಎಂದು ಕರೆಯಲಾಗುವ ನಗರದ ಐದೂ ವಿಭಾಗಗಳನ್ನು ಹಾದುಹೋಗುವಂತೆ ವಿಸ್ತಾರಗೊಂಡಿತು. ಆ ವರ್ಷ ಸುಮಾರು ಎರಡು ಸಾವಿರವಿದ್ದ ಓಟಗಾರರ ಸಂಖ್ಯೆ ಕ್ರಮೇಣ ಐವತ್ತು ಸಾವಿರವನ್ನು ಮೀರಿತು. ಉದ್ಯಾನದಲ್ಲಿ ಓಡುವವನನ್ನು ಜನ ಹುಡುಕಿಕೊಂಡು ಹೋಗಬೇಕು. ಬೀದಿಯಲ್ಲಿ ಓಡುವವನು ತಾನೇ ಜನರ ಮನೆಬಾಗಿಲಿಗೆ ಬರುತ್ತಾನೆ. ಈ ಓಟ ಬೆಳೆದುದಕ್ಕೆ ಇದಕ್ಕಿಂತ ಮಿಗಿಲಾದ ಕಾರಣವನ್ನು ನಾನು ಕಾಣೆ.

ಹಾಗಾದರೆ ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು? ಸ್ಟೇಟನ್ ಐಲೆಂಡಿನಿಂದ ವೆರಜಾನೊ ಸೇತುವೆಯನ್ನೇರಿ ಬ್ರೂಕ್ಲಿನ್ನಿನ ನಾಲ್ಕನೆಯ ಅವೆನ್ಯೂಗೆ ಇಳಿದು ಬರುವ ಓಟಗಾರರಲ್ಲಿ ವೇಗವನ್ನಲ್ಲ, ಸಂಯಮವನ್ನು ಗಮನಿಸಬೇಕು. ಅದು ಆಲಾಪನೆಯ ಕಾಲ, ಶಕ್ತಿಯಿದ್ದೂ ತಡೆದು ನಡೆಯುವವನೇ ಅಲ್ಲಿ ಬಲ್ಲವನು. ಇಪ್ಪತ್ತೈದನೆಯ ಕಿಲೋಮೀಟರಿನ ಸುಮಾರಿಗೆ ಬರುವ ಕ್ವೀನ್ಸ್‌ಬರೋ ಸೇತುವೆಯ ಮೇಲೆ ಪ್ರೇಕ್ಷಕರಿಲ್ಲ. ಅಲ್ಲಿ ಕೇಳುವುದು ಸಹಸ್ರಾರು ಪಾದಗಳ ಸಪ್ಪಳ ಮತ್ತು ಉಸಿರು ಮಾತ್ರ. ಆ ನಿಶ್ಶಬ್ದದಿಂದ ಮೊದಲನೆಯ ಅವೆನ್ಯೂವಿನ ಜಯಘೋಷದೊಳಕ್ಕೆ ಹೊರಳಿದವನು ಉನ್ಮತ್ತನಾಗಿ ಹೆಜ್ಜೆಯನ್ನು ಬಿರುಸುಗೊಳಿಸುವುದುಂಟು. ಆ ದುಂದಿನ ಲೆಕ್ಕ ತೀರುವುದು ಮುಂದೆ ಬ್ರಾಂಕ್ಸಿನಲ್ಲಿ, ಸ್ನಾಯುಗಳಲ್ಲಿ ಸಂಚಿತವಾಗಿದ್ದ ಸಕ್ಕರೆಯ ಅಂಶ ಬರಿದಾಗುವ ಮೂವತ್ತೆರಡನೆಯ ಕಿಲೋಮೀಟರಿನ ಆಸುಪಾಸಿನಲ್ಲಿ. ಓಟಗಾರರು ಇದನ್ನೇ 'ಗೋಡೆ' ಎನ್ನುತ್ತಾರೆ. ಒಂದೇ ಒಂದು ಕಡೆ ನಿಲ್ಲಲು ಅವಕಾಶವಿದ್ದರೆ ಅದರಾಚೆಗೆ, ಐದನೆಯ ಅವೆನ್ಯೂವಿನ ದೀರ್ಘವಾದ ಏರಿನಲ್ಲಿ ನಿಲ್ಲಿರಿ. ಹೆಗಲು ಕಿವಿಯತ್ತ ಏರಿದೆಯೆ, ಹಿಮ್ಮಡಿ ನೆಲವನ್ನು ಗುದ್ದುತ್ತಿದೆಯೆ, ದೃಷ್ಟಿ ಎಲ್ಲಿ ನೆಟ್ಟಿದೆ ಎಂಬಿಷ್ಟನ್ನು ನೋಡಿದರೆ ಹಿಂದಿನ ಮೂರು ಗಂಟೆಯ ಕಥೆಯೆಲ್ಲ ಕಣ್ಣೆದುರಿಗೆ ಬರುವುದು.

ಹಾಗೆಯೇ, ಈ ಬೀದಿಯಲ್ಲಿ ಯಾರು ಯಾರು ಓಡಿದರೆಂಬುದನ್ನು ಅರಿತವನ ಆಸ್ವಾದನೆ ಇಮ್ಮಡಿಯಾಗುತ್ತದೆ. 1972ರಲ್ಲಿ ಗಂಡಸರಿಗಿಂತ ಹತ್ತು ನಿಮಿಷ ಮುಂಚಿತವಾಗಿ ಪ್ರತ್ಯೇಕವಾಗಿಯೇ ಹೊರಡಬೇಕೆಂಬ ನಿಯಮವನ್ನು ಪ್ರತಿಭಟಿಸಿ, ಆರು ಮಂದಿ ಸ್ತ್ರೀಯರು ಆ ಹತ್ತು ನಿಮಿಷಗಳ ಕಾಲ ಆರಂಭದ ಗೆರೆಯ ಮೇಲೆ ಕುಳಿತುಬಿಟ್ಟರು. 1978ರಲ್ಲಿ ನಾರ್ವೆಯ ಶಾಲಾ ಶಿಕ್ಷಕಿ ಗ್ರೇಟೆ ವೈಟ್ಸ್, ಅದುವರೆಗೆ ಒಮ್ಮೆಯೂ ಮ್ಯಾರಥಾನ್ ಓಡಿರದವಳು, 2 ಗಂಟೆ 32 ನಿಮಿಷ 30 ಸೆಕೆಂಡುಗಳಲ್ಲಿ ಗುರಿ ಸೇರಿ ಸ್ತ್ರೀಯರಲ್ಲಿ ಲೋಕದ ಅತಿ ಶೀಘ್ರ ಓಟಗಾರ್ತಿಯೆನಿಸಿದಳು. ಒಟ್ಟು ಒಂಬತ್ತು ಸಲ ಇಲ್ಲಿ ಗೆದ್ದಳು. ಆದರೆ ನನ್ನ ಮನಸ್ಸಿನಲ್ಲಿ ಅವಳ ಪರಮೋಚ್ಚ ಓಟ ಈ ಒಂಬತ್ತರಲ್ಲಿ ಯಾವುದೂ ಅಲ್ಲ. 1992ರಲ್ಲಿ ಮಿದುಳಿನ ಅರ್ಬುದದಿಂದ ಪೀಡಿತನಾಗಿದ್ದ ಅರುವತ್ತರ ಲೆಬೋ ತಾನು ಕಟ್ಟಿದ ಪಂಚವಿಭಾಗಗಳ ಪಥವನ್ನು ತಾನೇ ಓಡಿದಾಗ, ಆದ್ಯಂತವಾಗಿ ಅವನ ಪಕ್ಕದಲ್ಲಿ ಓಡಿದವಳು ಗ್ರೇಟೆ. ಐದೂವರೆ ಗಂಟೆಯ ಮೇಲೆ ಇಬ್ಬರೂ ಕಣ್ಣೀರಿಡುತ್ತ ಗುರಿ ಸೇರಿದರು. ಎರಡು ವರ್ಷಗಳ ತರುವಾಯ ಲೆಬೋ ತೀರಿಕೊಂಡನು.

ಆದುದರಿಂದ ಗೆದ್ದವರು ಹಾದುಹೋದ ಕೂಡಲೆ ಮನೆಗೆ ಹೊರಡಬೇಡಿರಿ. ನವೆಂಬರಿನ ಸಂಜೆ ಬೇಗನೆ ಕವಿಯುತ್ತದೆ. ಕತ್ತಲಾದ ಮೇಲೂ ಓಟಗಾರರು ಬರುತ್ತಲೇ ಇರುತ್ತಾರೆ, ಮತ್ತು ಆ ವೇಳೆಗೆ ಬೀದಿಯ ಬದಿಯಲ್ಲಿ ನಿಲ್ಲಲು ಸ್ಥಳವೂ ಧಾರಾಳವಾಗಿರುತ್ತದೆ.