3.15ರ ಆಚೆಗೆ

2022ರ ಜನವರಿಯಲ್ಲಿ ಬ್ರಿಟನ್ನಿನ ಐಟಿವಿ ನಾಲ್ಕು ಕಂತುಗಳಲ್ಲಿ ಪ್ರಸಾರ ಮಾಡಿದ ‘ಆ್ಯನ್’ ನೋಡುವಾಗ ಕಣ್ಣು ಮ್ಯಾಕ್ಸಿನ್ ಪೀಕ್ ಮುಖ ಬಿಟ್ಟು ಕದಲುವುದಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ 15 ವರ್ಷದ ಮಗ ಕೆವಿನ್‌ನನ್ನು ಕಳೆದುಕೊಂಡ ಆ್ಯನ್ ವಿಲಿಯಮ್ಸ್ ಅವರ ನಿಜಕಥೆ ಇದು. ಬರೆದವರು ಕೆವಿನ್ ಸ್ಯಾಂಪ್ಸನ್.

ಅಂದು ಮಧ್ಯಾಹ್ನ 3.15ರ ಹೊತ್ತಿಗೇ ಸತ್ತವರಲ್ಲಿ ಯಾರೂ ಉಳಿಯುವ ಸ್ಥಿತಿಯಲ್ಲಿರಲಿಲ್ಲ ಎಂದು ಮೊದಲ ವಿಚಾರಣೆ ಗೆರೆ ಎಳೆದುಬಿಟ್ಟಿತ್ತು. ಆಮೇಲಿನದಕ್ಕೆ ಯಾರೂ ಲೆಕ್ಕ ಕೊಡಬೇಕಿರಲಿಲ್ಲ, ಎಷ್ಟು ಅನುಕೂಲ ನೋಡಿ! ಆದರೆ ನಾಲ್ಕು ಗಂಟೆ ಸುಮಾರಿಗೆ ಹುಡುಗ ‘ಅಮ್ಮ’ ಎಂದನೆಂದು ಅವನನ್ನು ಎತ್ತಿಕೊಂಡಿದ್ದ ಮಹಿಳಾ ಪೊಲೀಸ್ ಹೇಳಿದ್ದರು. ಇಡೀ ಧಾರಾವಾಹಿ ನಿಂತಿರುವುದು ಈ ಮುಕ್ಕಾಲು ಗಂಟೆಯ ಮೇಲೆ. ಪೀಕ್ ಅವರ ಆ್ಯನ್ ಅಳುತ್ತಾರೆ, ನಿಜ. ಅದಕ್ಕಿಂತ ಹೆಚ್ಚಾಗಿ ಹಟ ಹಿಡಿಯುತ್ತಾರೆ. ಆ ಹಟಕ್ಕೆ ಸಂಸಾರ ತೆತ್ತ ಬೆಲೆಯನ್ನೂ ಮುಚ್ಚಿಡದಿರುವುದೇ ನನಗೆ ಹೆಚ್ಚು ಹಿಡಿಸಿದ್ದು. ತಾಯಿಯನ್ನು ದೇವಿಯ ಪಟ್ಟಕ್ಕೇರಿಸುವ ಗೋಜಿಗೆ ಧಾರಾವಾಹಿ ಹೋಗಿಲ್ಲ.

2012ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಮೊದಲ ವಿಚಾರಣೆಯ ತೀರ್ಪುಗಳನ್ನು ರದ್ದುಪಡಿಸಿತು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆ್ಯನ್ ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡರು. ಹಿಲ್ಸ್‌ಬರೊದ ಸಾವುಗಳು ಕಾನೂನುಬಾಹಿರ ಹತ್ಯೆ ಎಂದು ಹೊಸ ಜ್ಯೂರಿ ಹೇಳಿದ್ದು 2016ರಲ್ಲಿ.